ಆಚಾರ್ಯ ಹೋಂಡಾ ಕೋತಾರೋ

ಮೆದುಕಬ್ಬಿಣಕ್ಕೆ ತಂತಿಯನ್ನು ಸುತ್ತಿ ವಿದ್ಯುತ್ತನ್ನು ಹರಿಯಿಸಿದರೆ ಅದು ಕ್ಷಣಮಾತ್ರದಲ್ಲಿ ಅಯಸ್ಕಾಂತವಾಗುವುದು. ವಿದ್ಯುತ್ತು ನಿಂತೊಡನೆ ಆ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದು. ಗಟ್ಟಿಯುಕ್ಕಿನ ಸ್ವಭಾವವು ಬೇರೆ. ಅದು ಕಾಂತತ್ವವನ್ನು ಸ್ವೀಕರಿಸಲೂ ತಡಮಾಡುವುದು, ಬಿಟ್ಟುಕೊಡಲೂ ಒಪ್ಪದು. ವಿರುದ್ಧ ದಿಕ್ಕಿನ ಕಾಂತಬಲವನ್ನು ಪ್ರಯೋಗಿಸಿಯೇ ಬಿಡಿಸಬೇಕು. ಈ ಹಠವನ್ನು ಹೆಚ್ಚಿಸುವುದರಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದ ಮಹನೀಯರು ಜಪಾನಿನ ಹೋಂಡಾ ಕೋತಾರೋ ಅವರು. ಈ ಹೆಸರನ್ನು ಕೇಳಿದೊಡನೆ ವಾಚಕರಿಗೆ ಮೋಟಾರು ಸೈಕಲ್ಲಿನ ನೆನಪಾಗುವುದು ಸಹಜ; ಅದನ್ನು ನಿರ್ಮಿಸಿದವರು ಬೇರೊಬ್ಬರು.

1870ರಲ್ಲಿ ಐಚಿ ಪ್ರಾಂತದ ಒಕ್ಕಲು ಮನೆತನವೊಂದರಲ್ಲಿ ಜನಿಸಿದ ಇವರು ಟೋಕಿಯೋದಲ್ಲಿ ನಾಗಾವೋಕಾ ಅವರ ಶಿಷ್ಯರಾಗಿ ಭೌತಶಾಸ್ತ್ರವನ್ನು ಅಭ್ಯಸಿಸಿ, 1907ರಲ್ಲಿ ಜರ್ಮನಿಗೆ ತೆರಳಿ, 1911ರಲ್ಲಿ ಮರಳಿ ಸೆಂಡಾಯ್ ನಗರದ ತೋಹೋಕು ವಿಶ್ವವಿದ್ಯಾನಿಲಯದಲ್ಲಿ ಆಚಾರ್ಯರಾದರು. 1914ರಲ್ಲಿ ಮಹಾಯುದ್ಧವು ಆರಂಭವಾಗಲು, ಎಂಜಿನ್ನುಗಳ ಕಿಡಿ ಹೊತ್ತಿಸುವ ಮ್ಯಾಗ್ನೆಟೋಗಳಿಗೂ ಅಳತೆಯ ಉಪಕರಣಗಳಿಗೂ ಬೇಕಾದ ಉಕ್ಕು ಯೂರೋಪಿನಿಂದ ಬರುವುದು ದುರ್ಲಭವಾಯಿತು. ಎಲ್ಲವನ್ನೂ ಹೊರಗಿನಿಂದ ತರಿಸುವವನಿಗೆ ಅಂಗಡಿಯ ಬಾಗಿಲು ಮುಚ್ಚಿದಂದೇ ತನ್ನ ಬಡತನವು ತಿಳಿಯುವುದು. ಹೋಂಡಾ ಅವರು ತಾಕಾಗಿ ಎಂಬ ಸಹೋದ್ಯೋಗಿಯೊಡನೆ ದುಡಿದು, 1917ರಲ್ಲಿ ಕಬ್ಬಿಣಕ್ಕೆ ಕೋಬಾಲ್ಟ್, ಟಂಗ್‌ಸ್ಟನ್, ಕ್ರೋಮಿಯಂಗಳನ್ನು ಬೆರೆಸಿ, ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿ, ಹೊಸ ಉಕ್ಕೊಂದನ್ನು ಪಡೆದರು. ಲೋಹದೊಳಗೆ ಕಾಂತತ್ವವು ಸಣ್ಣ ಸಣ್ಣ ವಲಯಗಳಾಗಿ ಹಂಚಿರುತ್ತದೆ. ವಲಯಗಳ ಎಲ್ಲೆಗಳು ಸರಾಗವಾಗಿ ಸರಿದಾಡಿದರೆ ಅದು ಬೇಗ ಅಳಿಯುವುದು. ಬೆರೆಸಿದ ಧಾತುಗಳೂ, ತಣಿಸಿದಾಗ ಒಳಗುಳಿದ ಬಿಗಿತವೂ ಆ ಎಲ್ಲೆಗಳನ್ನು ಅಡ್ಡಗಟ್ಟುವುವು. ಅದುವರೆಗಿನ ಟಂಗ್‌ಸ್ಟನ್ ಉಕ್ಕಿಗಿಂತ ಇದರ ಹಠವು ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಇದಕ್ಕೆ ಅವರು ತಮ್ಮ ಹೆಸರನ್ನಿಡಲಿಲ್ಲ. ಸಂಶೋಧನೆಗೆ ಧನವನ್ನಿತ್ತ ಸುಮಿತೋಮೋ ಕಿಚಿಜಾಯೆಮೋನ್ ಅವರ ಹೆಸರಿನ ಮೊದಲಕ್ಷರಗಳಿಂದ ಅದು ಕೆ.ಎಸ್. ಉಕ್ಕೆನಿಸಿತು.

ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು. ಆದರೆ 1931ರಲ್ಲಿ ಟೋಕಿಯೋದ ಮಿಶಿಮಾ ಎಂಬ ಕಿರಿಯ ವಿದ್ವಾಂಸರು ದುಬಾರಿಯಾದ ಕೋಬಾಲ್ಟನ್ನೇ ಬಿಟ್ಟು, ನಿಕಲ್ ಬೆರೆತ ಕಬ್ಬಿಣಕ್ಕೆ ಅಲ್ಯೂಮಿನಿಯಮನ್ನು ಕೂಡಿಸಿ ಕೆ.ಎಸ್. ಉಕ್ಕನ್ನು ಹಿಂದಿಕ್ಕಿದರು. ಹೋಂಡಾ ಅವರಿಗೆ ಆಗ ಅರುವತ್ತು ದಾಟಿತ್ತು. ಅದೇ ವರ್ಷ ವಿಶ್ವವಿದ್ಯಾನಿಲಯದ ಅಧ್ಯಕ್ಷಪದವಿಯೂ ಲಭಿಸಿತ್ತು. ಆ ಪೀಠದಲ್ಲಿ ಕುಳಿತು ಹಳೆಯ ಯಶಸ್ಸನ್ನು ಅನುಭವಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಾದರೋ ಮಾಸುಮೋತೋ, ಶಿರಾಕಾವಾ ಎಂಬವರೊಡನೆ ಪುನಃ ಕುಲುಮೆಯ ಮುಂದೆ ನಿಂತರು. ಮೂರು ವರ್ಷಗಳೊಳಗೆ, ಟೈಟೇನಿಯಂ ಸೇರಿದ ನೂತನ ಕೆ.ಎಸ್. ಉಕ್ಕು ಸಿದ್ಧವಾಗಿ, ಕಾಂತತ್ವವನ್ನು ಹಿಡಿದಿಡುವುದರಲ್ಲಿ ಮಿಶಿಮಾ ಅವರ ಉಕ್ಕನ್ನು ಮೀರಿಸಿತು. ಇಂಥ ಸ್ಪರ್ಧೆಯಲ್ಲಿ ಸೋತವನೂ ಲೋಕಕ್ಕೆ ಲಾಭವನ್ನೇ ಮಾಡಿರುತ್ತಾನೆ.

1937ರಲ್ಲಿ ಜಪಾನ್ ಸರಕಾರವು ಪ್ರಥಮ ಬಾರಿಗೆ ಕೊಟ್ಟ ಸಂಸ್ಕೃತಿ ಪದಕವು ಗುರು ನಾಗಾವೋಕಾ ಅವರಿಗೂ ಶಿಷ್ಯ ಹೋಂಡಾ ಅವರಿಗೂ ಒಟ್ಟಿಗೇ ಸಂದಿತು. ಹೋಂಡಾ ಅವರು 1954ರಲ್ಲಿ ದಿವಂಗತರಾದರು. ಈ ಎಲ್ಲ ಉಕ್ಕುಗಳನ್ನೂ ಬಹುದೂರ ಹಿಂದಿಕ್ಕಿದ ನಿಯೋಡಿಮಿಯಂ ಅಯಸ್ಕಾಂತವನ್ನು 1982ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರಾದ ಸಾಗಾವಾ ಮಾಸಾತೋ ಅವರು ತೋಹೋಕುವಿನಲ್ಲಿಯೇ ಡಾಕ್ಟರ್ ಪದವಿಯನ್ನು ಪಡೆದವರು. ಆ ಕಾರ್ಯವು ನಡೆದುದೂ ಸುಮಿತೋಮೋ ಬಳಗದ ಕಂಪೆನಿಯೊಂದರಲ್ಲಿ.