ರುಚಿ ಬಲ್ಲ ದೊರೆ ಸೋಮೇಶ್ವರ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮೂರನೇ ಸೋಮೇಶ್ವರ ಎಂದರೆ ಒಂದು ಅಂಕದ ಪ್ರಶ್ನೆ: ‘ಮಾನಸೋಲ್ಲಾಸ’ ಬರೆದವರು ಯಾರು? ಉತ್ತರ ಗುರುತು ಹಾಕಿ ಮುಂದೆ ಹೋಗುತ್ತೇವೆ.

ಈತ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಮಗ. ಸುಮಾರು 1127ರಲ್ಲಿ ಇಂದಿನ ಬಸವಕಲ್ಯಾಣದಲ್ಲಿ ಪಟ್ಟಕ್ಕೆ ಬಂದ. ತಂದೆಯಂತೆ ಯುದ್ಧದಲ್ಲಿ ಹೆಸರು ಮಾಡಲಿಲ್ಲ. ಕೆಲವೇ ವರ್ಷಗಳಲ್ಲಿ ಸಂಸ್ಕೃತದಲ್ಲಿ ನೂರು ಅಧ್ಯಾಯಗಳ ಈ ಗ್ರಂಥ ಬರೆದ. ಆನೆ, ಔಷಧ, ಸಂಗೀತ, ಅಡುಗೆ ಎಲ್ಲವೂ ಅದರಲ್ಲಿವೆ.

ನನಗೆ ಹಿಡಿಸಿದ್ದು ಪಾನೀಯಗಳ ಭಾಗ. ದ್ರಾಕ್ಷಿ, ಕಬ್ಬು, ತಾಳೆ, ತೆಂಗು, ಖರ್ಜೂರದ ಮದ್ಯಗಳನ್ನು ಬೇರೆ ಬೇರೆಯಾಗಿಯೇ ಹೇಳುತ್ತಾನೆ. ಮದ್ಯವೆಂದು ಮೂಗು ಮುರಿಯಬೇಡಿ, ನೀರಿಗೂ ಅಷ್ಟೇ ಶ್ರದ್ಧೆ. ಶರತ್ಕಾಲಕ್ಕೆ ಮಳೆನೀರು, ಬೇಸಿಗೆಗೆ ಚಿಲುಮೆಯದು, ಚಳಿಗಾಲಕ್ಕೆ ಹೊಳೆ–ಕೆರೆಯದು. ಅದನ್ನು ಕಾಯಿಸಬೇಕು, ಆಗದಿದ್ದರೆ ತ್ರಿಫಲ ಹಾಕಿ, ಸಂಪಿಗೆ ಹೂವಿನ ಪರಿಮಳ ಕೊಡಬೇಕು. ಇಂದು ವೈನ್ ಪರೀಕ್ಷಕರು ಬಣ್ಣ ನೋಡಿ, ಮೂಸಿ, ನಾಲಿಗೆಯ ಮೇಲೆ ಹೊರಳಿಸಿ ಹಳತು–ಹೊಸತು ಹೇಳುವುದೂ ಇಂಥ ಸೂಕ್ಷ್ಮದಿಂದಲೇ. ಹೊಸದುರ್ಗದ ನಮ್ಮ ಹಾಲುರಾಮೇಶ್ವರದ ಕಡೆ ಒಂದು ಗುಟುಕಿಗೇ ಎಳನೀರು ಎಳಸೋ ಬಲಿತದ್ದೋ ಎನ್ನುವವರಿದ್ದಾರೆ, ಅವರಿಗಿದು ಅರ್ಥವಾದೀತು.

ಇತ್ತ ಹೊಯ್ಸಳ ವಿಷ್ಣುವರ್ಧನ ಸ್ವತಂತ್ರನಾಗಲು ಹವಣಿಸುತ್ತಿದ್ದ, ಚಾಲುಕ್ಯರ ಹಿಡಿತ ಸಡಿಲಾಗುತ್ತಿತ್ತು. ದೊರೆ ರುಚಿಯಲ್ಲಿ ಮೈಮರೆತನೆಂದು ದೂರಬಹುದು. ಆದರೆ ಅವನು ಬರೆಯದಿದ್ದರೆ ಅಂದಿನವರು ಏನು ಕುಡಿಯುತ್ತಿದ್ದರೆಂಬುದು ನಮಗೆ ಇಷ್ಟು ವಿವರವಾಗಿ ಎಲ್ಲಿ ಸಿಗುತ್ತಿತ್ತು? ತಂದೆಯ ಚರಿತ್ರೆ ‘ವಿಕ್ರಮಾಂಕಾಭ್ಯುದಯ’ವನ್ನೂ ಕೈಗೆತ್ತಿಕೊಂಡಿದ್ದ. ಸುಮಾರು 1138ರಲ್ಲಿ ತೀರಿಕೊಂಡ. ಆ ಪುಸ್ತಕ ಅಪೂರ್ಣವಾಗಿಯೇ ನಮಗೆ ಸಿಕ್ಕಿದೆ.