ವಿಲಿಯಂ ಹಾರ್ವೆಯೂ ರಕ್ತಪರಿಚಲನೆಯೂ

ಹಾವು ಕಚ್ಚುವುದು ಕಾಲಿನ ಬೆರಳಿಗೆ. ರೆಪ್ಪೆ ಜೋಲುವುದೂ ನಾಲಗೆ ತೊದಲುವುದೂ ಉಸಿರು ಕಟ್ಟುವುದೂ ಮೇಲೆ. ಹಲ್ಲು ನಾಟಿದ ಸ್ಥಳದಿಂದ ಅಷ್ಟು ದೂರದಲ್ಲಿರುವ ಅಂಗಗಳಿಗೆ ವಿಷವು ಯಾವ ದಾರಿಯಿಂದ ಹೋಯಿತು? ನಮ್ಮ ಹಳ್ಳಿಗಳಲ್ಲಿ ಇದನ್ನು ಕಾಣದವರು ಕಡಿಮೆ. ಅಷ್ಟು ಪರಿಚಿತವಾದುದರಿಂದಲೇ ಇಲ್ಲಿ ಕೇಳತಕ್ಕ ಪ್ರಶ್ನೆಯೊಂದು ಉಂಟೆಂದು ನಮಗೆ ತೋರುವುದಿಲ್ಲ. ಸುಮಾರು 400 ವರ್ಷಗಳ ಕೆಳಗೆ ಇಂಗ್ಲೆಂಡಿನ ವೈದ್ಯನೊಬ್ಬನು ಈ ಪ್ರಶ್ನೆಯನ್ನು ಕೇಳಿದನು. ಆತನೇ ವಿಲಿಯಂ ಹಾರ್ವೆ. ಶರೀರದ ಒಂದು ಅಂಗವು ಮತ್ತೊಂದು ಅಂಗದೊಡನೆ ಕೊಡುಕೊಳ್ಳುವಿಕೆಯನ್ನು ನಡೆಯಿಸುವ ಹೆದ್ದಾರಿಯನ್ನು ಕಂಡವನು ಅವನು.

ಹಾರ್ವೆಯು 1578ನೆಯ ಇಸವಿ ಏಪ್ರಿಲ್ 1ನೆಯ ತಾರೀಖು ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದನು. ಮನೆಯವರು ಅನುಕೂಲಸ್ಥರು. ಅವನ ತಮ್ಮಂದಿರಲ್ಲಿ ಹಲವರು ಲಂಡನ್ನಿನಲ್ಲಿ ನೆಲೆಸಿ ತುರ್ಕಿಯ ಕಡೆಯ ವ್ಯಾಪಾರದಿಂದ ಹಣ ಗಳಿಸಿದರು. ಇವನೊಬ್ಬನು ಮಾತ್ರ ವೈದ್ಯಕ್ಕೆ ಬಿದ್ದನು. ಕೇಂಬ್ರಿಜ್ಜಿನಲ್ಲಿ ಪದವಿಯನ್ನು ಪಡೆದು, ಆ ಕಾಲದಲ್ಲಿ ವೈದ್ಯವಿದ್ಯೆಗೆ ಕಾಶಿಯಂತಿದ್ದ ಇಟಲಿಯ ಪಾಡುವ ನಗರಕ್ಕೆ ಹೋಗಿ 1602ರಲ್ಲಿ ವೈದ್ಯಪಂಡಿತನಾದನು. ಅಲ್ಲಿ ಅವನ ಗುರು ಫ್ಯಾಬ್ರೀಸಿಯಸ್. ಸಿರೆಗಳ ಒಳಗೆ ಅಲ್ಲಲ್ಲಿ ಚಿಕ್ಕ ಚಿಕ್ಕ ಕವಾಟಗಳಿರುವುದನ್ನು ಈ ಗುರುವು ವಿಶದವಾಗಿ ವರ್ಣಿಸಿದ್ದನು; ಆದರೆ ರಕ್ತವು ಒಮ್ಮೆಗೇ ಕೈಕಾಲುಗಳಿಗೆ ನುಗ್ಗದಂತೆ ತಡೆಯಲು ಅವು ಇರುವುವೆಂದು ಬಗೆದನು. ಬಾಗಿಲನ್ನು ಕಂಡವನು ಗುರು. ಅದು ಯಾವ ಕಡೆಗೆ ತೆರೆಯುವುದೆಂದು ನೋಡಿದವನು ಶಿಷ್ಯ.

ಆಗ ಯೂರೋಪಿನಲ್ಲೆಲ್ಲ ನಡೆಯುತ್ತಿದ್ದುದು ಗೇಲೆನನ ಮತ. ಈ ಗ್ರೀಕ್ ವೈದ್ಯನು ಕ್ರಿಸ್ತಶಕ ಎರಡನೆಯ ಶತಮಾನದವನು. ಅವನ ಹೇಳಿಕೆಯನ್ನು ನಮ್ಮ ರೈತರಿಗೆ ಸುಲಭವಾಗಿ ತಿಳಿಯಪಡಿಸಬಹುದು. ಯಕೃತ್ತು ಒಂದು ಕೆರೆ. ಉಂಡ ಅನ್ನವು ಅಲ್ಲಿ ರಕ್ತವಾಗುವುದು. ಸಿರೆಗಳೆಂಬ ಕಾಲುವೆಗಳಲ್ಲಿ ಅದು ಹರಿದು ಅಂಗಾಂಗಗಳೆಂಬ ಗದ್ದೆಗಳಲ್ಲಿ ಇಂಗಿಹೋಗುವುದು. ಗದ್ದೆಗೆ ಬಿಟ್ಟ ನೀರು ಮರಳಿ ಕೆರೆಗೆ ಬಾರದಷ್ಟೆ. ಹಾಗೆಯೇ ರಕ್ತವೂ ಬಾರದು. ಸ್ವಲ್ಪ ರಕ್ತವು ಮಾತ್ರ ಹೃದಯದ ಬಲಭಾಗದಿಂದ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಎಡಭಾಗಕ್ಕೆ ಜಿನುಗಿ, ವಾಯುವಿನೊಡನೆ ಬೆರೆತು, ಧಮನಿಗಳಲ್ಲಿ ಪ್ರಾಣಶಕ್ತಿಯಾಗಿ ಹರಡುವುದು. ಈ ಮತವು ಸುಮಾರು 1400 ವರ್ಷಗಳ ಕಾಲ ಬಾಳಿತು. ನಡುವೆ, 13ನೆಯ ಶತಮಾನದಲ್ಲಿ ಇಬ್ನ್ ಅಲ್ ನಫೀಸ್ ಎಂಬ ಅರಬ್ಬೀ ವೈದ್ಯನು ನಡುಗೋಡೆಯಲ್ಲಿ ರಂಧ್ರವಿಲ್ಲವೆಂದೂ ರಕ್ತವು ಶ್ವಾಸಕೋಶಗಳನ್ನು ಹಾಯ್ದೇ ಎಡಕ್ಕೆ ಬರುವುದೆಂದೂ ಬರೆದಿದ್ದನು. 16ನೆಯ ಶತಮಾನದ ಯೂರೋಪಿನಲ್ಲಿಯೂ ಕೆಲವರು ಇದನ್ನು ಕಂಡಿದ್ದರು. ಆದರೆ ದೇಹವನ್ನೆಲ್ಲ ಸುತ್ತಿ ಬರುವ ಪೂರ್ಣವೃತ್ತವನ್ನು ಸಾಧಿಸಿ ತೋರಿಸಿದವರು ಇರಲಿಲ್ಲ.

ಹಾರ್ವೆಯು 1609ರಿಂದ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾಗಿದ್ದು, 1616ರಿಂದ ವೈದ್ಯರ ಕಾಲೇಜಿನಲ್ಲಿ ಅಂಗರಚನೆಯನ್ನು ಕುರಿತು ಉಪನ್ಯಾಸಗಳನ್ನು ಕೊಡುತ್ತಿದ್ದನು. ಬಡವರ ಆಸ್ಪತ್ರೆಯಲ್ಲಿ ರೋಗಿಗಳ ನಾಡಿ, ಅರಮನೆಯಲ್ಲಿ ಅರಸನ ನಾಡಿ. ಉಳಿದ ವೇಳೆಯಲ್ಲಿ ನಾಯಿ, ಕಪ್ಪೆ, ಮೀನು, ಹಾವು, ಸೀಗಡಿ ಮೊದಲಾದುವುಗಳ ಹೃದಯ. ಬಿಸಿರಕ್ತದ ಪ್ರಾಣಿಗಳ ಹೃದಯವು ಕಣ್ಣು ಮಿಟುಕಿಸುವಷ್ಟರಲ್ಲಿ ಬಡಿದು ಮುಗಿಸುವುದರಿಂದ ಮೊದಮೊದಲು ಅವನಿಗೂ ಏನೂ ತಿಳಿಯಲಿಲ್ಲ. ತಣ್ಣನೆಯ ಪ್ರಾಣಿಗಳ ಮಂದಗತಿಯೇ ಅವನಿಗೆ ಗುರುವಾಯಿತು. ಹಾವಿನ ಹೃದಯಕ್ಕೆ ರಕ್ತವನ್ನು ತರುವ ಸಿರೆಯನ್ನು ಅದುಮಿದರೆ ಹೃದಯವು ಬಿಳುಪೇರಿ ಕುಗ್ಗುವುದು. ಹೊರಡುವ ಧಮನಿಯನ್ನು ಅದುಮಿದರೆ ಕೆಂಪೇರಿ ಒಡೆಯುವಂತೆ ಉಬ್ಬುವುದು. ಹೃದಯವೆಂಬುದು ನೂಕುವ ಯಂತ್ರವೆಂಬುದು ಇದರಿಂದ ತೋರಿತು.

ಇಷ್ಟು ಕಂಡ ಬಳಿಕ ಅವನು ಮಾಡಿದ ಕೆಲಸವು ಅಂಗಡಿಯ ಗುಮಾಸ್ತನು ಮಾಡುವಂತಹುದು: ಲೆಕ್ಕ ಹಾಕಿದನು. ಒಂದೊಂದು ಬಡಿತಕ್ಕೆ ಅರ್ಧ ಔನ್ಸಿನಷ್ಟೇ ರಕ್ತವು ಹೊರಡುವುದೆಂದು ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಹೃದಯವು 1000 ಸಲವೇ ಬಡಿಯುವುದೆನ್ನಿ. ಎರಡೂ ಬೇಕೆಂದೇ ಕಡಿಮೆ ಹಿಡಿದ ಅಂಕೆಗಳು. ಹಾಗಿದ್ದರೂ ಅರ್ಧ ಗಂಟೆಗೆ 500 ಔನ್ಸು ಆಯಿತು. ಇಡೀ ದೇಹವನ್ನು ಬಸಿದರೂ ಇಷ್ಟು ರಕ್ತವು ಸಿಕ್ಕದು. ದಿನವೆಲ್ಲ ಉಂಡರೂ ಇಷ್ಟು ರಕ್ತವಾಗುವಷ್ಟು ಅನ್ನವು ಹೊಟ್ಟೆಗೆ ಸೇರದು. ಹಾಗಾದರೆ ಹೋದ ರಕ್ತವೇ ಮರಳಿ ಬರುತ್ತಿರಬೇಕು. ಈಗಿನ ಅಳತೆಯಂತೆ ಪ್ರಾಯದ ಮನುಷ್ಯನ ಹೃದಯವು ವಿಶ್ರಾಂತಿಯಲ್ಲಿ ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 5 ಲೀಟರನ್ನು ನೂಕುವುದು; ಮೈಯಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ. ಗೇಲೆನನ ಗ್ರಂಥರಾಶಿಯನ್ನು ಕೆಡವಿದುದು ಇಂತಹ ಒಂದು ಗುಣಾಕಾರವೆಂಬುದನ್ನು ನೆನೆದರೆ ನಮಗೆ ಇಂದಿಗೂ ಆಶ್ಚರ್ಯವಾಗುವುದು.

ಅವನು ಕೊಟ್ಟ ಮತ್ತೊಂದು ಸಾಕ್ಷ್ಯವನ್ನು ವಾಚಕರು ತಮ್ಮ ತೋಳಿನಲ್ಲಿಯೇ ನೋಡಬಹುದು. ತೋಳಿಗೆ ಹದವಾಗಿ ಪಟ್ಟಿಯನ್ನು ಸುತ್ತಿದರೆ ಮುಂಗೈಯ ಸಿರೆಗಳು ಉಬ್ಬಿ, ನಡುನಡುವೆ ಗಂಟುಗಳು ಕಾಣುವುವು. ಆ ಗಂಟುಗಳೇ ಕವಾಟಗಳು. ಸಿರೆಯ ಮೇಲೆ ಒಂದು ಬೆರಳನ್ನು ಒತ್ತಿಟ್ಟು, ಮತ್ತೊಂದರಿಂದ ರಕ್ತವನ್ನು ತೋಳಿನ ಕಡೆಗೆ ಮುಂದಿನ ಗಂಟಿನಾಚೆ ಸವರಿಬಿಟ್ಟರೆ, ನಡುವಣ ಭಾಗವು ಬರಿದಾಗಿಯೇ ನಿಲ್ಲುವುದು. ಮೇಲಿನಿಂದ ಎಷ್ಟು ತಳ್ಳಿದರೂ ರಕ್ತವು ಕೆಳಗಿಳಿಯದು. ಒತ್ತಿದ ಬೆರಳನ್ನು ತೆಗೆದೊಡನೆ ಕೆಳಗಿನಿಂದ ತುಂಬಿಕೊಳ್ಳುವುದು. ಸಿರೆಯು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವುದೆಂಬುದಕ್ಕೆ ಇನ್ನಾವ ಸಾಕ್ಷಿ ಬೇಕು?

ಈ ವಿಚಾರಗಳನ್ನೆಲ್ಲ ಸೇರಿಸಿ ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದ 72 ಪುಟಗಳ ಪುಸ್ತಕವು 1628ರಲ್ಲಿ ಫ್ರ್ಯಾಂಕ್‌ಫರ್ಟಿನಲ್ಲಿ ಅಚ್ಚಾಯಿತು. ಪರಿಚಲನೆಯನ್ನು ಒಪ್ಪಿದರೆ ಎಷ್ಟೋ ಒಗಟುಗಳು ಬಿಡುವುವೆಂದು ಅದರಲ್ಲಿ ತೋರಿಸಿರುವನು. ಹಾವಿನ ವಿಷ, ಹುಚ್ಚುನಾಯಿಯ ಕಡಿತ, ಅಂಗಾಲಿಗೆ ಕಟ್ಟಿದ ಬೆಳ್ಳುಳ್ಳಿಯು ಎದೆಯ ಕಫಕ್ಕೆ ಔಷಧವಾಗುವುದು, ಕರುಳಿನ ಸಿರೆಗಳು ಅನ್ನರಸವನ್ನು ಹೀರಿ ಯಕೃತ್ತಿಗೆ ಒಯ್ಯುವುದು, ಇವೆಲ್ಲ ಅಲ್ಲಿ ಬಂದಿವೆ. ಬೆಳ್ಳುಳ್ಳಿಯ ಮಾತನ್ನು ಈಗ ಯಾರೂ ಸಾಕ್ಷ್ಯವಾಗಿ ಹಿಡಿಯರು. ಪುಸ್ತಕವನ್ನು ಒಂದನೆಯ ಚಾರ್ಲ್ಸ್ ಅರಸನಿಗೆ ಅರ್ಪಿಸಿ, ದೇಹಕ್ಕೆ ಹೃದಯವು ಹೇಗೋ ರಾಜ್ಯಕ್ಕೆ ಅರಸನು ಹಾಗೆಂದು ಹೋಲಿಸಿದನು. ಆ ಅರಸನ ತಲೆಯನ್ನು ಅವನ ಪ್ರಜೆಗಳೇ 1649ರಲ್ಲಿ ತೆಗೆಯಿಸಿದರು. ರಾಜ್ಯವು ಮಾತ್ರ ನಿಲ್ಲಲಿಲ್ಲ. ವೈದ್ಯನ ಶಾರೀರಶಾಸ್ತ್ರವು ಅವನ ರಾಜನೀತಿಗಿಂತ ಗಟ್ಟಿಯಾಗಿದ್ದಿತೆಂದು ತೋರುವುದು.

ಪುಸ್ತಕದ ಫಲವಾಗಿ ಹಾರ್ವೆಗೆ ರೋಗಿಗಳು ಕಡಿಮೆಯಾದರೆಂದೂ, ಅವನಿಗೆ ಬುದ್ಧಿ ಕೆಟ್ಟಿದೆಯೆಂದು ಜನರು ಆಡಿಕೊಂಡರೆಂದೂ ಅವನನ್ನು ಬಲ್ಲವನೊಬ್ಬನು ಬರೆದಿಟ್ಟಿರುವನು. ಪ್ಯಾರಿಸಿನ ಪ್ರಸಿದ್ಧ ಪಂಡಿತನಾದ ರಿಯೋಲಾನನು ಗೇಲೆನನ ಪಕ್ಷವನ್ನು ಹಿಡಿದು ನಿಂತನು. ಗಿಡ್ಡನೆಯ ಆಳು, ಮುಂಗೋಪಿ. ಹೀಗಿದ್ದರೂ ಹಾರ್ವೆಯು 21 ವರ್ಷ ಕಾದು, 1649ರಲ್ಲಿ ಅವನಿಗೆ ಮರ್ಯಾದೆಯಾಗಿಯೇ ಉತ್ತರವನ್ನು ಬರೆದನು.

ನಮ್ಮಲ್ಲಿ ಕೆಲವರು ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದ್ದಿತೆಂದು ಹೇಳುವುದುಂಟು. ಹೃದಯದಿಂದ ಹತ್ತು ಮಹಾಧಮನಿಗಳು ಹೊರಡುವುವೆಂದು ಚರಕಸಂಹಿತೆಯಲ್ಲಿರುವುದು ನಿಜ; ನಾಡಿಯನ್ನು ಹಿಡಿದು ನೋಡುವುದರಲ್ಲಿ ನಮ್ಮ ವೈದ್ಯರು ನಿಪುಣರೆಂಬುದೂ ನಿಜ. ಆದರೆ ಹೋದ ರಕ್ತವನ್ನು ಅಳೆದು, ಮರಳುವ ದಾರಿಯನ್ನು ಬೆರಳಿಟ್ಟು ತೋರಿಸಿದ ಕೆಲಸವು ಬೇರೆ. ಪೂರ್ವಿಕರಿಗೆ ಸಲ್ಲದ ಗೌರವವನ್ನು ಅವರ ತಲೆಗೆ ಕಟ್ಟಿದರೆ, ಸಲ್ಲುವ ಗೌರವಕ್ಕೂ ಕುಂದು ಬರುವುದು.

ಅಂತರ್ಯುದ್ಧವು ಹಾರ್ವೆಯ ಬಾಳನ್ನು ಅಲುಗಿಸಿತು. 1642ರಲ್ಲಿ ಎಜ್‌ಹಿಲ್ ಕಾಳಗದ ದಿನ ರಾಜಕುಮಾರರಿಬ್ಬರನ್ನು ಅವನ ವಶಕ್ಕೆ ಒಪ್ಪಿಸಿದ್ದರಂತೆ. ಅವನು ಬೇಲಿಯ ಮರೆಯಲ್ಲಿ ಕುಳಿತು ಪುಸ್ತಕವನ್ನು ಓದುತ್ತಿರಲು, ಗುಂಡೊಂದು ಸಮೀಪದಲ್ಲಿ ಬಿದ್ದ ಮೇಲೆ ಎದ್ದು ಜಾಗ ಬದಲಿಸಿದನೆಂದು ಹೇಳುವರು. ಲಂಡನ್ನಿನ ಅವನ ಬಿಡಾರವನ್ನು ಪಾರ್ಲಿಮೆಂಟಿನ ಪಕ್ಷದವರು ಸೂರೆಮಾಡಿ ಕಾಗದಪತ್ರಗಳನ್ನು ಹಾಳುಗೆಡಹಿದರು. ಕೀಟಗಳ ಉತ್ಪತ್ತಿಯನ್ನು ಕುರಿತು ವರ್ಷಗಟ್ಟಲೆ ಬರೆದಿಟ್ಟುದೆಲ್ಲ ಹೋಯಿತು. ತನಗೆ ಒದಗಿದ ನಷ್ಟಗಳಲ್ಲೆಲ್ಲ ಇದೇ ದೊಡ್ಡದೆಂದು ಅವನು ಕೊನೆಯವರೆಗೂ ಕೊರಗಿದನು. ಅದಕ್ಕಾಗಿ ನಾವೂ ಮರುಗಬೇಕಾದುದೇ. ಪ್ರಾಣಿಗಳ ಹುಟ್ಟನ್ನು ಕುರಿತ ಅವನ ಎರಡನೆಯ ದೊಡ್ಡ ಗ್ರಂಥವು 1651ರಲ್ಲಿ ಹೊರಬಂದಿತು. ಹೆಂಡತಿಯು ಮುದ್ದಿನಿಂದ ಸಾಕಿದ್ದ ಗಿಣಿಯನ್ನು ಬಹುಕಾಲ ಗಂಡೆಂದೇ ನಂಬಿದ್ದು, ಅದು ಸತ್ತಾಗ ಕೊಯ್ದು ನೋಡಲು ಒಳಗೆ ಮೊಟ್ಟೆಯು ಸಿಕ್ಕಿತೆಂಬುದನ್ನು ಅವನು ಅದರಲ್ಲಿ ಸಂಕೋಚವಿಲ್ಲದೆ ಬರೆದಿರುವನು. ಮಕ್ಕಳಿರಲಿಲ್ಲ. 1654ರಲ್ಲಿ ವೈದ್ಯರ ಕಾಲೇಜಿನವರು ಅಧ್ಯಕ್ಷನಾಗೆಂದು ಆರಿಸಿದಾಗ ಮುಪ್ಪಿನ ಕಾರಣದಿಂದ ಒಲ್ಲೆನೆಂದನು. 1657ನೆಯ ಇಸವಿ ಜೂನ್ 3ರಂದು ತೀರಿಕೊಂಡನು.

ಅವನ ವೃತ್ತದಲ್ಲಿ ಒಂದು ತುಂಡು ಕಾಣದೆಯೇ ಉಳಿದಿದ್ದಿತು. ಧಮನಿಯ ತುದಿಯಿಂದ ಸಿರೆಯ ಮೊದಲಿಗೆ ರಕ್ತವು ದಾಟುವುದೆಲ್ಲಿ? ಅವನ ಕೈಯಲ್ಲಿ ಇದ್ದುದು ಬರಿಯ ಕಣ್ಣು, ಹೆಚ್ಚೆಂದರೆ ಒಂದು ಬೂದುಗನ್ನಡಿ. ಮಾಂಸದ ರಂಧ್ರಗಳಲ್ಲಿ ಜಿನುಗುತ್ತಿರಬಹುದೆಂದು ಊಹಿಸಿ ಸುಮ್ಮನಾದನು. ರಕ್ತವು ಹೀಗೆ ಸುತ್ತುವುದಾದರೂ ಏತಕ್ಕೆ ಎಂಬುದಕ್ಕೂ ಅವನಲ್ಲಿ ಸರಿಯಾದ ಉತ್ತರವಿರಲಿಲ್ಲ. ತಣಿದ ರಕ್ತವು ಹೃದಯಕ್ಕೆ ಬಂದು ಮತ್ತೆ ಕಾವನ್ನು ಪಡೆಯುವುದೆಂದು ನಂಬಿದ್ದನು. ಆದರೆ ಸಂತೆ ನೆರೆಯುವುದು ಆ ಕಾಣದ ತುಂಡಿನಲ್ಲಿಯೇ. ಕೂದಲಿಗಿಂತ ಎಷ್ಟೋ ಸಣ್ಣವಾದ ಲೋಮನಾಳಗಳ ತೆಳುಗೋಡೆಯ ಮೂಲಕ ರಕ್ತವು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೇರಿಕೊಂಡು ಇಂಗಾಲಾಮ್ಲವಾಯುವನ್ನು ಇಳಿಸುವುದು. ಕರುಳಿನಲ್ಲಿ ಅನ್ನಸಾರವನ್ನು ಹೇರಿಕೊಳ್ಳುವುದು. ಸ್ನಾಯುವಿನಲ್ಲಿ ಇವೆರಡನ್ನೂ ಇಳಿಸಿ ಕಸವನ್ನು ಹೇರಿಕೊಳ್ಳುವುದು. ಮೂತ್ರಪಿಂಡಗಳಲ್ಲಿ ದಿನಕ್ಕೆ ಸುಮಾರು 180 ಲೀಟರು ದ್ರವವು ರಕ್ತದಿಂದ ಸೋಸಿ, ಒಂದೆರಡು ಲೀಟರು ಮಾತ್ರ ಮೂತ್ರವಾಗಿ ಹೋಗಿ, ಉಳಿದುದೆಲ್ಲ ರಕ್ತಕ್ಕೆ ಮರಳುವುದು. ಬಂಡಿಯು ಯಾವ ಊರಿನಿಂದಲೂ ಬರಿದಾಗಿ ಹೊರಡುವುದಿಲ್ಲ.

ಆ ಲೋಮನಾಳಗಳನ್ನು ಮೊದಲು ಕಂಡವನು ಇಟಲಿಯ ಮಾಲ್ಪೀಗಿ. ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ನೋಡಿ, 1661ರಲ್ಲಿ ಪ್ರಕಟಿಸಿದನು. ಹಾರ್ವೆಯನ್ನು ಎಸೆಕ್ಸ್ ಪ್ರಾಂತದ ಹೆಂಪ್‌ಸ್ಟೆಡ್ ಗ್ರಾಮದಲ್ಲಿ ಸೀಸದ ಹೊದಿಕೆಯಲ್ಲಿ ಸುತ್ತಿ ಮಲಗಿಸಿ ಆಗಲೇ 4 ವರ್ಷಗಳಾಗಿದ್ದುವು.