ಉದ್ದನೆಯ ಅಣುಗಳನ್ನು ನಂಬಿದ ವಿಜ್ಞಾನಿ: ಹರ್ಮನ್ ಸ್ಟೌಡಿಂಗರ್

ಜರ್ಮನಿಯಲ್ಲಿ ನನ್ನ ಉದ್ಯೋಗ ಪ್ಲಾಸ್ಟಿಕ್ ಬಿಡಿಭಾಗಗಳ ತಯಾರಿಕೆಗೆ ಸಂಬಂಧಿಸಿದ್ದು. ಪಾಲಿಕಾರ್ಬೊನೇಟ್‌ನ ದಪ್ಪ ರಾಡ್‌ಗಳನ್ನು ಲೇಥ್ ಯಂತ್ರಕ್ಕೇರಿಸಿ, ಅವುಗಳಿಂದ ಬೇಕಾದ ಆಕಾರವನ್ನು ಕಡೆದು ತೆಗೆಯುವುದು ಅದರ ಮುಖ್ಯ ಭಾಗ. ನೋಡಲು ಗಾಜಿನಂತಿರುವ ಈ ವಸ್ತು ಸುತ್ತಿಗೆಯ ಪೆಟ್ಟನ್ನು ತಾಳಿಕೊಳ್ಳುತ್ತದೆ. ಈ ಗಟ್ಟಿತನದ ಮೂಲ ಅದರ ಅಣುಗಳ ಉದ್ದದಲ್ಲಿದೆ. ಅಷ್ಟು ಉದ್ದದ ಅಣುಗಳು ಇರುವುದು ಸಾಧ್ಯವೇ ಇಲ್ಲವೆಂದು ನೂರು ವರ್ಷಗಳ ಹಿಂದೆ ರಸಾಯನಶಾಸ್ತ್ರದ ಹಿರಿಯರು ತೀರ್ಮಾನಿಸಿದ್ದರು. ಆ ತೀರ್ಮಾನಕ್ಕೆ ಎದುರಾಗಿ, ತಾವು ಸಂಪಾದಿಸಿದ್ದ ಹೆಸರನ್ನೆಲ್ಲ ಪಣಕ್ಕಿಟ್ಟು ನಿಂತವರು ಹರ್ಮನ್ ಸ್ಟೌಡಿಂಗರ್.

ಸ್ಟೌಡಿಂಗರ್ ಹುಟ್ಟಿದ್ದು 1881ರ ಮಾರ್ಚ್ 23ರಂದು, ರೈನ್ ನದಿಯ ದಡದ ವೋರ್ಮ್ಸ್ ಪಟ್ಟಣದಲ್ಲಿ. ತಂದೆ ಫ್ರಾಂಜ್ ತತ್ತ್ವಶಾಸ್ತ್ರದ ವಿದ್ವಾಂಸರು. ಬಾಲಕನಿಗೆ ಒಲವಿದ್ದುದು ಸಸ್ಯಶಾಸ್ತ್ರದಲ್ಲಿ. ಸಸ್ಯಗಳನ್ನು ಆಳವಾಗಿ ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಕಲಿಯಬೇಕೆಂಬ ಹಿರಿಯರ ಸಲಹೆ ಅವರ ದಾರಿಯನ್ನು ಬದಲಿಸಿತು. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಳಿಕ ಸ್ಟ್ರಾಸ್‌ಬರ್ಗ್‌ನಲ್ಲಿ ಕೀಟೀನ್ ಎಂಬ ಹೊಸ ಸಂಯುಕ್ತಗಳ ವರ್ಗವನ್ನೇ ಕಂಡುಹಿಡಿದು, ಇಪ್ಪತ್ತರ ಹರೆಯದಲ್ಲಿಯೇ ಪ್ರಸಿದ್ಧರಾದರು. 1907ರಲ್ಲಿ ಕಾರ್ಲ್ಸ್‌ರೂ ನಗರದ ತಾಂತ್ರಿಕ ವಿದ್ಯಾಲಯಕ್ಕೂ 1912ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೂ ಪ್ರಾಧ್ಯಾಪಕರಾಗಿ ಹೋದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಬಹಿರಂಗವಾಗಿ ಯುದ್ಧವನ್ನು ವಿರೋಧಿಸಿದರು. ಕೈಗಾರಿಕಾ ಬಲದಲ್ಲಿ ಮುಂದಿರುವ ರಾಷ್ಟ್ರಗಳ ಎದುರು ಜರ್ಮನಿ ಗೆಲ್ಲಲಾರದೆಂದು 1917ರಲ್ಲಿಯೇ ವಾದಿಸಿದರು. ವಿಷಾನಿಲದ ಬಳಕೆಯನ್ನು ಖಂಡಿಸಿ, ಅದರ ಹಿಂದಿದ್ದ ಪ್ರಭಾವಿ ವಿಜ್ಞಾನಿ ಫ್ರಿಟ್ಜ್ ಹಾಬರ್ ಅವರ ಅಸಮಾಧಾನಕ್ಕೆ ಗುರಿಯಾದರು.

1920ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ ಇನ್ನೊಂದು ವಾದಕ್ಕೆ ನಾಂದಿಯಾಯಿತು. ರಬ್ಬರ್, ಸೆಲ್ಯುಲೋಸ್, ಪಿಷ್ಟಗಳಂತಹ ವಸ್ತುಗಳು ಸಣ್ಣ ಅಣುಗಳು ದುರ್ಬಲ ಆಕರ್ಷಣೆಯಿಂದ ಒತ್ತಾಗಿ ಸೇರಿದ ಗುಂಪುಗಳು ಎಂಬುದು ಆಗಿನ ನಂಬಿಕೆ. ಸ್ಟೌಡಿಂಗರ್ ಹಾಗಲ್ಲವೆಂದರು. ಅವರ ಪ್ರಕಾರ ಅವು ಬುಟ್ಟಿಯಲ್ಲಿ ತುಂಬಿದ ಬಿಡಿ ಹೂಗಳಲ್ಲ, ದಾರದಲ್ಲಿ ಕಟ್ಟಿದ ಮಾಲೆಗಳು. ಸಾವಿರಾರು ಪರಮಾಣುಗಳು ಸಾಮಾನ್ಯ ರಾಸಾಯನಿಕ ಬಂಧಗಳಿಂದಲೇ ಸಾಲಾಗಿ ಬೆಸೆದುಕೊಂಡು ಒಂದೊಂದು ಅಣುವಾಗಿರುತ್ತವೆ. 1922ರಲ್ಲಿ ಅಂತಹ ಅಣುವಿಗೆ ಬೃಹದಣು ಎಂಬ ಅರ್ಥದ ಹೆಸರನ್ನೂ ಕೊಟ್ಟರು.

ವಾದಕ್ಕೆ ಪುರಾವೆಯನ್ನೂ ಒದಗಿಸಿದರು. ರಬ್ಬರನ್ನು ಹಿಡಿದಿಡುವುದು ಅದರ ದ್ವಿಬಂಧಗಳ ದುರ್ಬಲ ಆಕರ್ಷಣೆಯೇ ಆಗಿದ್ದರೆ, ಹೈಡ್ರೋಜನ್ ಸೇರಿಸಿ ಆ ದ್ವಿಬಂಧಗಳನ್ನು ಇಲ್ಲವಾಗಿಸಿದಾಗ ಅದು ಸುಲಭವಾಗಿ ಆವಿಯಾಗುವ ಸಣ್ಣ ಅಣುಗಳಾಗಿ ಚದುರಬೇಕಿತ್ತು. ಹಾಗಾಗಲಿಲ್ಲ. ಹೈಡ್ರೋಜನ್ ಸೇರಿದ ರಬ್ಬರ್ ಮೊದಲಿನಂತೆಯೇ ಮಂದವಾದ ದ್ರಾವಣವನ್ನು ಕೊಟ್ಟಿತು. ಆದರೂ ಒಪ್ಪಿದವರು ಕಡಿಮೆ. 1926ರಲ್ಲಿ ಫ್ರೈಬರ್ಗ್‌ಗೆ ಬಂದಾಗಲೂ ವಿರೋಧ ಅವರ ಬೆನ್ನು ಬಿಡಲಿಲ್ಲ. ನೊಬೆಲ್ ಪುರಸ್ಕೃತ ಹೈನ್ರಿಕ್ ವೀಲಾಂಡ್ ಅವರೂ ಸ್ನೇಹದಿಂದಲೇ, ದೊಡ್ಡ ಅಣುಗಳ ಯೋಚನೆಯನ್ನು ಕೈಬಿಡುವಂತೆ ಅವರಿಗೆ ಸಲಹೆಯಿತ್ತರು.

ಅವರು ಕೈಬಿಡಲಿಲ್ಲ. ಸರಪಣಿ ಉದ್ದವಾದಷ್ಟೂ ದ್ರಾವಣದ ಸ್ನಿಗ್ಧತೆ, ಎಂದರೆ ಹರಿಯಲು ಒಡ್ಡುವ ತಡೆ, ಹೆಚ್ಚುತ್ತದೆ ಎಂದು ತೋರಿಸಿ, ಆ ಸ್ನಿಗ್ಧತೆಯಿಂದಲೇ ಅಣುವಿನ ಗಾತ್ರವನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿದರು. ಅವರು ಕೊಟ್ಟ ಸೂತ್ರವನ್ನು ಮುಂದಿನವರು ತಿದ್ದಬೇಕಾಯಿತು, ಆದರೆ ಮೂಲ ಆಲೋಚನೆ ನಿಂತಿತು. ಅಮೆರಿಕದಲ್ಲಿ ವ್ಯಾಲೇಸ್ ಕರೋಥರ್ಸ್ ಉದ್ದನೆಯ ಸರಪಣಿಗಳನ್ನು ಹಂತಹಂತವಾಗಿ ಕಟ್ಟಿ ತೋರಿಸಿದ ಮೇಲೆ ಅನುಮಾನಕ್ಕೆ ಆಸ್ಪದ ಉಳಿಯಲಿಲ್ಲ.

ಅಷ್ಟರಲ್ಲಿ ದೇಶದ ಸ್ಥಿತಿ ಬದಲಾಗಿತ್ತು. ನಾಜಿಗಳು ಅಧಿಕಾರಕ್ಕೆ ಬಂದಾಗ ಅವರ ಹಳೆಯ ಯುದ್ಧವಿರೋಧ ದೋಷಾರೋಪಣೆಯಾಗಿ ಮರಳಿತು. ಫ್ರೈಬರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಅವರೇ ದೂರು ಕೊಟ್ಟವರು. 1934ರಲ್ಲಿ ವಿಚಾರಣೆ ನಡೆದು, ರಾಜೀನಾಮೆಗೆ ಸಹಿ ಹಾಕಿಸಲಾಯಿತು. ಅದು ಜಾರಿಗೆ ಬರಲಿಲ್ಲವಾದರೂ ಬೆದರಿಕೆಯಾಗಿ ತಲೆಯ ಮೇಲೆ ತೂಗುತ್ತಿತ್ತು. 1944ರ ನವೆಂಬರ್ 27ರ ಬಾಂಬ್ ದಾಳಿಯಲ್ಲಿ ಅವರ ಸಂಶೋಧನಾಲಯ ನೆಲಸಮವಾಯಿತು. ಈ ದಿನಗಳಲ್ಲಿ ಅವರ ಜೊತೆಗಿದ್ದವರು ಲಾಟ್ವಿಯಾ ಮೂಲದ ಸಸ್ಯವಿಜ್ಞಾನಿ, ಎರಡನೆಯ ಪತ್ನಿ ಮಗ್ದಾ. ಹಲವು ಸಂಶೋಧನೆಗಳಲ್ಲಿ ಆಕೆಯೂ ಪಾಲುದಾರರು.

ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ, ನಿವೃತ್ತಿಯ ಎರಡು ವರ್ಷಗಳ ನಂತರ, ಅವರ 72ನೆಯ ವಯಸ್ಸಿನಲ್ಲಿ. ಅದೇ ವರ್ಷ ಬೇಯರ್ ಕಂಪನಿಯ ಊರ್ಡಿಂಗನ್ ಪ್ರಯೋಗಾಲಯದಲ್ಲಿ, ಫ್ರೈಬರ್ಗ್‌ನಲ್ಲಿ ಅವರ ಶಿಷ್ಯರಾಗಿದ್ದ ಹರ್ಮನ್ ಷ್ನೆಲ್, ಬಿಸ್ಫಿನಾಲ್ ಎ ಮತ್ತು ಫಾಸ್ಜೀನ್‌ಗಳಿಂದ ಪಾಲಿಕಾರ್ಬೊನೇಟ್ ತಯಾರಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಅವರೂ ಆ ಹೊತ್ತಿಗೇ ಸ್ವತಂತ್ರವಾಗಿ ಅದೇ ವಸ್ತುವನ್ನು ತಲುಪಿದರು. ಗುರುವಿಗೆ ಮನ್ನಣೆ ದೊರೆತ ವರ್ಷವೇ ಶಿಷ್ಯನ ಕೈಯಲ್ಲಿ ಹೊಸ ವಸ್ತುವೊಂದು ಹುಟ್ಟಿತು.

ಆ ವಸ್ತುವಿನ ದಪ್ಪ ರಾಡ್‌ನಲ್ಲಿ ಸ್ಟೌಡಿಂಗರ್ ವಾದದ ಸತ್ಯ ದಿನವೂ ಪರೀಕ್ಷೆಗೊಳಗಾಗುತ್ತದೆ. ಸರಪಣಿಯೊಂದರಲ್ಲಿ ಸುಮಾರು ನೂರು ಕೊಂಡಿಗಳಿದ್ದು, ಅವು ಬೇಯಿಸಿದ ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಉದ್ದವೊಂದೇ ಸಾಲದು, ಅಕ್ರಿಲಿಕ್‌ನ ಸರಪಣಿಯೂ ಉದ್ದವೇ, ಆದರೂ ಪೆಟ್ಟಿಗೆ ಒಡೆಯುತ್ತದೆ. ಆದರೆ ಉದ್ದ ಕುಗ್ಗಿದರೆ ಪಾಲಿಕಾರ್ಬೊನೇಟ್ ಕೂಡ ಒಡೆಯುತ್ತದೆ. ಹರಳುಗಳಲ್ಲಿ ತೇವಾಂಶ ಉಳಿದಿದ್ದರೆ ಕರಗಿಸುವ ಬಿಸಿಯಲ್ಲಿ ನೀರು ಸರಪಣಿಗಳನ್ನು ಕತ್ತರಿಸುತ್ತದೆ. ಅದಕ್ಕಾಗಿ ಅವುಗಳನ್ನು 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸುತ್ತಾರೆ. ಸರಪಣಿ ತುಂಡಾಗಿದೆಯೇ ಎಂದು ತಿಳಿಯಲು ಇಂದಿಗೂ ಸ್ನಿಗ್ಧತೆಯನ್ನೇ ಅಳೆಯುತ್ತಾರೆ.

ರಾಡ್ ದಪ್ಪವಾದಷ್ಟೂ ತಾಳ್ಮೆ ಬೇಕು. ಪಾಲಿಕಾರ್ಬೊನೇಟ್ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ವ್ಯಾಸ ಎರಡು ಪಟ್ಟಾದರೆ ತಿರುಳು ತಣಿಯಲು ಸುಮಾರು ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ. ಹೊರಮೈ ಮೊದಲು ಗಟ್ಟಿಯಾಗಿ ತಿರುಳು ಆಮೇಲೆ ಕುಗ್ಗುವುದರಿಂದ ಒಳಗೆ ಬಿಗಿತ ಉಳಿಯುತ್ತದೆ, ಕೆಲವೊಮ್ಮೆ ಪೊಳ್ಳುಗಳೂ ಮೂಡುತ್ತವೆ. ರಾಡನ್ನು ಮತ್ತೆ ಕಾಯಿಸಿ ನಿಧಾನವಾಗಿ ತಣಿಸಿ ಆ ಬಿಗಿತವನ್ನು ಕಳೆಯಬೇಕು. ಇಲ್ಲವಾದರೆ ಕಡೆಯುವಾಗ ಭಾಗ ಸೊಟ್ಟಗಾಗುತ್ತದೆ, ಅಸಿಟೋನ್‌ನಂತಹ ದ್ರಾವಕ ತಗುಲಿದರೆ ಬಿರುಕುಬಿಡುತ್ತದೆ. ದಪ್ಪ ಭಾಗಗಳಲ್ಲಿ ಮೊನಚಾದ ಒಳಮೂಲೆಯೂ ಸಲ್ಲದು. ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಈ ಎಚ್ಚರಗಳನ್ನು ಪಾಲಿಸಿದರೆ ಅದು ಬಹಳ ಉಪಯುಕ್ತ. 200 ಮಿ.ಮೀ. ವ್ಯಾಸದ ಒಂದು ಮೀಟರ್ ರಾಡ್ ಸುಮಾರು 38 ಕಿಲೋ ತೂಗುತ್ತದೆ; ಅದೇ ಗಾತ್ರದ ಉಕ್ಕು ಸುಮಾರು 247 ಕಿಲೋ. ಸುಮಾರು 145 ಡಿಗ್ರಿಯವರೆಗೆ ಮೆತ್ತಗಾಗದು, ವಿದ್ಯುತ್ತನ್ನು ಹರಿಯಗೊಡದು. ಆದುದರಿಂದ ದ್ರವದ ಹರಿವನ್ನು ಹೊರಗಿನಿಂದಲೇ ನೋಡಬೇಕಾದ ಕೊಳವೆಗಳು, ಕವಾಟಗಳ ಭಾಗಗಳು, ವಿದ್ಯುತ್ ನಿರೋಧಕಗಳನ್ನು ಇದರಿಂದ ಕಡೆಯುತ್ತಾರೆ. ಹತ್ತಾರು ಬಿಡಿಭಾಗಗಳಷ್ಟೇ ಬೇಕಾದಾಗ, ದುಬಾರಿಯ ಅಚ್ಚು ಮಾಡಿಸುವುದಕ್ಕಿಂತ ರಾಡಿನಿಂದ ಕಡೆಯುವುದೇ ಅಗ್ಗ.

ಸ್ಟೌಡಿಂಗರ್ 1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗ್‌ನಲ್ಲಿ ತೀರಿಕೊಂಡರು. ಅವರು ಯಾವ ಪ್ಲಾಸ್ಟಿಕ್ಕನ್ನೂ ಮಾರುಕಟ್ಟೆಗೆ ತಂದವರಲ್ಲ. ಪ್ಲಾಸ್ಟಿಕ್ ಎಂದರೇನು ಎಂದು ತಿಳಿಸಿಕೊಟ್ಟವರು. ಆ ತಿಳಿವಳಿಕೆಯಿಲ್ಲದೆ, ಒಂದು ರಾಡ್ ಏಕೆ ಗಟ್ಟಿ, ಅದರಂತೆಯೇ ಕಾಣುವ ಇನ್ನೊಂದು ಏಕೆ ಪೆಡಸು ಎಂದು ನನ್ನಂತಹವರು ಎಂದೂ ಹೇಳಲಾಗುತ್ತಿರಲಿಲ್ಲ.